ಅಂಚಿನ ಸಾಲಿನ ಇಟ್ಟಿಗೆ

ಮೂವತ್ತು ವರ್ಷ ನಾನು ಇಂಗ್ಲಿಷ್ ಮೇಡಂ ಆಗಿದ್ದೆ. ಕೆಂಪು ಇಂಕು ಎಷ್ಟು ಖರ್ಚು ಮಾಡಿದ್ದೇನೋ ಆ ದೇವರಿಗೇ ಗೊತ್ತು. ನನ್ನ ಬಾಯಿ ಮೊದಲೇ ಖಾರ, ಪೆನ್ನು ಅದಕ್ಕಿಂತ ಖಾರ. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಬರೆಯಬಾರದ್ದನ್ನೂ ಬರೆದಿದ್ದೇನೆ. ಆದರೆ ಒಂದು ಮಾತನ್ನು ಮಾತ್ರ ಯಾರ ಕಾಗದದ ಮೇಲೂ ಬರೆಯಲಿಲ್ಲ. 'ಹಾಫ್-ಬೇಕ್ಡ್' ಎಂಬುದು ಆ ಮಾತು. ಹಾಫ್ ಎಂದರೆ ಅರ್ಧ, ಬೇಕ್ಡ್ ಎಂದರೆ ಬೆಂದದ್ದು. ನಡುವೆ ಒಂದು ಗೆರೆ ಎಳೆದು ಎರಡನ್ನೂ ಗಂಟು ಹಾಕಿದ್ದಾರೆ. ಪೂರ್ತಿ ಯೋಚಿಸದ ಯೋಜನೆಗೆ, ಇನ್ನೂ ಬಲಿಯದ ಬುದ್ಧಿಗೆ ಇಂಗ್ಲಿಷಿನವರು ಹಾಗೆನ್ನುತ್ತಾರೆ. ನಿಘಂಟಿನಲ್ಲಿ ಅದಕ್ಕೆ ಎರಡು ಸಾಲು ಸಾಕು. ನನಗೆ ಅದು ಅರ್ಥವಾಗಲು ಒಂದು ಗೂಡು ಇಟ್ಟಿಗೆಯೇ ಬೇಕಾಯಿತು.

ನಮ್ಮದು ಮೂಡಲಪಾಳ್ಯ. ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಈಗ ವಿಜಯನಗರ ಎಂದು ಕರೆಯುವ ಕಡೆಯೆಲ್ಲ ಆಗ ರಾಗಿ ಹೊಲ, ಅಲ್ಲೊಂದು ಇಲ್ಲೊಂದು ಹುಣಸೆ ಮರ. ನಮಗೂ ಒಂದಿಷ್ಟು ಹೊಲವಿತ್ತು. ಮಳೆ ಬಂದಾಗ ರಾಗಿ, ಅವರೆ. ಸುಗ್ಗಿ ಮುಗಿದು ಕೆರೆಯ ನೀರು ಇಳಿದ ಮೇಲೆ ಅಪ್ಪ ಕೆರೆ ಅಂಗಳದ ಮಣ್ಣು ತೆಗೆದು ಇಟ್ಟಿಗೆ ಸುಡುತ್ತಿದ್ದ. ಆ ಕಡೆ ರಾಜಾಜಿನಗರ ಆಗಷ್ಟೇ ಏಳುತ್ತಿತ್ತು. ಗೂಟ ಹೊಡೆದು ದಾರ ಕಟ್ಟಿದ ರಸ್ತೆಗಳು, ಅರ್ಧ ಎದ್ದ ಗೋಡೆಗಳು, ಸುಣ್ಣದ ರಾಶಿಗಳು. ಅಪ್ಪ ಸುಟ್ಟ ಇಟ್ಟಿಗೆಯೆಲ್ಲ ಎತ್ತಿನ ಗಾಡಿ ಹತ್ತಿ ಅಲ್ಲಿಗೇ ಹೋಗುತ್ತಿತ್ತು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಸಹಿ ಹಾಕುವುದನ್ನು ನಾನೇ ಕಲಿಸಿದ್ದೆ. ನಮ್ಮ ಹಳ್ಳಿಯಿಂದ ಹೈಸ್ಕೂಲಿಗೆ ಹೋದ ಮೊದಲ ಹುಡುಗಿ ನಾನು. ಮಾರೇನಹಳ್ಳಿ ದಾಟಿ, ಮಾಗಡಿ ರಸ್ತೆ ಹಿಡಿದು, ದಿನಾ ನಡೆದುಕೊಂಡೇ ಹೋಗಿ ಬರುತ್ತಿದ್ದೆ. ಅವ್ವನಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. "ಓದೋವರ್ಗೂ ಓದ್ಲಿ. ಎಲ್ಲಿ ಎಡವ್ತಾಳೋ ಅಲ್ಲಿಗೆ ಸಾಕು, ಮನೇಲಿರ್ಲಿ," ಎಂದು ಆಗಾಗ ಹೇಳುತ್ತಿದ್ದಳು. ಅಪ್ಪ ಅದಕ್ಕೆ ಹೌದು ಅನ್ನುತ್ತಿರಲಿಲ್ಲ, ಇಲ್ಲ ಅಂತಲೂ ಅನ್ನುತ್ತಿರಲಿಲ್ಲ. ಹಾಗಾಗಿ ನಾನು ಎಡವದೇ ಇರುವುದೊಂದೇ ದಾರಿ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ತರಗತಿಯಲ್ಲಿ ನಲವತ್ತು ಹುಡುಗರು, ನಾಲ್ಕು ಹುಡುಗಿಯರು. ನಮ್ಮ ಬೆಂಚು ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದಲ್ಲಿತ್ತು. ಗಂಟೆ ಹೊಡೆದ ಕೂಡಲೇ ಹುಡುಗರ ನೂಕುನುಗ್ಗಲಿಗೆ ಸಿಗದೆ ನಾವು ಮೊದಲು ಹೊರಗೆ ಹೋಗಲೆಂದು ಮಾಡಿದ ಏರ್ಪಾಡು. ಮರ್ಯಾದೆಯ ಏರ್ಪಾಡೇ. ಆದರೆ ಇಂಗ್ಲಿಷ್ ಮೇಷ್ಟ್ರ ದನಿ ಮೂರನೇ ಬೆಂಚಿನಿಂದ ಈಚೆಗೆ ಬರುತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಮುಂದೆ ಕೂತ ಏಳೆಂಟು ಹುಡುಗರ ಜೊತೆ ಪಾಠ ಮಾಡುತ್ತಿದ್ದರು, ಉಳಿದವರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದ್ದರು. ಮೂರು ವರ್ಷದಲ್ಲಿ ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳದಿದ್ದರೇ ಒಳ್ಳೆಯದು ಎಂದು ನಾನೂ ತಲೆ ತಗ್ಗಿಸಿಕೊಂಡೇ ಇದ್ದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ಶಾಲೆಯಲ್ಲೇ ಒಂದು ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ಗೆದ್ದವರ ಹೆಸರನ್ನು ಮಾತ್ರ ದೊಡ್ಡ ಪರೀಕ್ಷೆಗೆ ಕಳಿಸುವುದು. ನಾನು ಬೇರೆಲ್ಲದರಲ್ಲೂ ಗೆದ್ದು ಇಂಗ್ಲಿಷಿನಲ್ಲಿ ಬಿದ್ದೆ. ಉತ್ತರ ಪತ್ರಿಕೆಯ ನೆತ್ತಿಯ ಮೇಲೆ ಮೇಷ್ಟ್ರು ಕೆಂಪಿನಲ್ಲಿ ಒಂದೇ ಮಾತು ಬರೆದಿದ್ದರು: 'ಹಾಫ್-ಬೇಕ್ಡ್'. ಬಿದ್ದವರಿಗೆ ಮೂರು ವಾರ ಬಿಟ್ಟು ಇನ್ನೊಂದು ಅವಕಾಶ, ಅದರಲ್ಲೂ ಬಿದ್ದರೆ ಹೆಸರು ಹೋಗುವುದಿಲ್ಲ ಎಂದರು. ಮನೆಯಲ್ಲಿ ತೋರಿಸಿ ಸಹಿ ಹಾಕಿಸಿಕೊಂಡು ಬನ್ನಿ ಎಂದೂ ಹೇಳಿದರು.

ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ. ಹೆಡ್‌ಮೇಷ್ಟ್ರ ಕೋಣೆಯಲ್ಲಿ ಇಡೀ ಶಾಲೆಗೆ ಇದ್ದ ಒಂದೇ ಒಂದು ನಿಘಂಟಿನಲ್ಲಿ ಹುಡುಕಿ ನೋಡಿದೆ. ನೋಡಬಾರದಿತ್ತು. ಅರ್ಥ ತಿಳಿಯದಿದ್ದಾಗ ಬರೀ ಭಯವಿತ್ತು, ತಿಳಿದ ಮೇಲೆ ನಾಚಿಕೆಯೂ ಸೇರಿಕೊಂಡಿತು.

ಸಂಜೆ ಅಪ್ಪ ಜಗಲಿಯ ಮೇಲೆ ಕೂತು, ಬೆರಳಿನ ಮಣ್ಣು ಒರೆಸಿಕೊಂಡು, ನಿಧಾನವಾಗಿ ಸಹಿ ಹಾಕಿದ. ಆಮೇಲೆ ಕೆಂಪು ಅಕ್ಷರದ ಮೇಲೆ ಬೆರಳಿಟ್ಟು ಕೇಳಿದ.

"ಇದೇನಂತ ಬರ್ದವ್ರೆ ಮೇಷ್ಟ್ರು?"

"ಹಾಫ್-ಬೇಕ್ಡ್ ಅಂತ."

"ಹಂಗಂದ್ರೆ?"

ಅವ್ವ ಒಲೆಯ ಮುಂದಿನಿಂದ ಕತ್ತು ಚಾಚಿ ನೋಡುತ್ತಿದ್ದಳು. ಬಾಗಿಲ ಹಿಂದೆ ನನ್ನ ಪುಸ್ತಕದ ಚೀಲ ನೇತಾಡುತ್ತಿತ್ತು. ಆ ಚೀಲ ಮತ್ತೆ ಆ ಮೊಳೆಯಿಂದ ಇಳಿಯುವುದೇ ಇಲ್ಲವೇನೋ ಎನ್ನಿಸಿತು.

"ಹದವಾಗಿ ಬೆಂದೈತೆ ಅಂತ," ಎಂದುಬಿಟ್ಟೆ.

ಅಪ್ಪನ ಮುಖ ಅರಳಿತು. ಮೇಷ್ಟ್ರು ತನ್ನ ಕಸುಬಿನ ಮಾತನ್ನೇ ಮಗಳಿಗೆ ಬರೆದಿದ್ದಾರಲ್ಲ ಎಂಬ ಖುಷಿ ಅವನಿಗೆ. "ನೋಡ್ದೇನೇ, ಓದ್ದೋರೂ ಬೇಯೋದು ಅಂತ್ಲೇ ಅಂತಾರೆ," ಎಂದು ಅವ್ವನಿಗೆ ಹೇಳಿದ. ಆಮೇಲೆ ಆ ಮಾತನ್ನು ನನ್ನ ಬಾಯಲ್ಲಿ ಮೂರು ನಾಲ್ಕು ಸಲ ಹೇಳಿಸಿ ತಾನೂ ಕಲಿತ. ಕಲಿತು ಸುಮ್ಮನಿದ್ದನೇ? ಎತ್ತಿಗೆ ಹುಲ್ಲು ಹಾಕುವಾಗಲೂ 'ಹಾಫ್ ಬೇಕ್ಡ್, ಹಾಫ್ ಬೇಕ್ಡ್' ಎಂದು ಗುನುಗುತ್ತಿದ್ದ.

ಭಾನುವಾರ ಬಂತು. ಭಾನುವಾರ ಬೆಳಿಗ್ಗೆ ನಾನು ಅಪ್ಪನ ಜೊತೆ ಗಾಡಿಯಲ್ಲಿ ರಾಜಾಜಿನಗರಕ್ಕೆ ಹೋಗುವುದು ರೂಢಿ. ಅಲ್ಲಿಯ ಓವರ್ಸಿಯರ್ ಕೊಡುವ ಇಂಗ್ಲಿಷ್ ಚೀಟಿಯನ್ನು ಓದಿ ಹೇಳುವುದು ನನ್ನ ಕೆಲಸ. ಆ ಓವರ್ಸಿಯರ್ ಟೋಪಿ ಹಾಕಿದ, ಯಾವಾಗಲೂ ಅವಸರದಲ್ಲಿರುವ ಮನುಷ್ಯ. ಗಾಡಿ ನಿಲ್ಲಿಸಿದ ತಕ್ಷಣ ಬಂದು ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿಯುತ್ತಿದ್ದರು. ಠಣ್ ಎಂದರೆ ಇಳಿಸಿ ಎನ್ನುವುದು, ದಪ್ಪ್ ಎಂದರೆ ವಾಪಸ್ಸು.

ಅವತ್ತು ಅವರು ಇಟ್ಟಿಗೆಗೆ ಕೈ ಹಾಕುವ ಮೊದಲೇ ಅಪ್ಪ ಒಂದು ಒಳ್ಳೆಯ ಕೆಂಪು ಇಟ್ಟಿಗೆಯನ್ನು ಎತ್ತಿ ಹಿಡಿದ. ನನಗೆ ಅವನ ಬಾಯಿ ಮುಚ್ಚಬೇಕೆನ್ನಿಸಿತು. ನಾನಿದ್ದದ್ದು ಗಾಡಿಯ ಮೇಲೆ, ಅವನಿದ್ದದ್ದು ಕೆಳಗೆ.

"ಇವತ್ತಿನ್ ಮಾಲು ಏನೂ ನೋಡಂಗೇ ಇಲ್ಲ ಸ್ವಾಮಿ," ಎಂದ ಅಪ್ಪ. "ಒಂದೊಂದೂ ಹಾಫ್-ಬೇಕ್ಡ್!"

ಓವರ್ಸಿಯರ್ ಕೈ ಅಲ್ಲೇ ನಿಂತಿತು. "ಏನಂದ್ರಿ?"

"ಹಾಫ್-ಬೇಕ್ಡ್ ಸ್ವಾಮಿ. ಇಡೀ ಗಾಡಿ."

"ಇಳಿಸ್ಬೇಡಿ, ಇಳಿಸ್ಬೇಡಿ! ವಾಪಸ್ ತಗೊಂಡ್ಹೋಗ್ರೀ ಲೋಡ್ನ! ನಿಮ್ಮ ಬಾಯಲ್ಲೇ ಹೇಳ್ತಾ ಇದೀರಲ್ಲ!"

ಅಪ್ಪ ಕಂಗಾಲಾದ. ಗಾರೆ ಕೆಲಸದವರು ಕರಣೆ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಅಪ್ಪ ಬೇರೆ ದಾರಿ ಕಾಣದೆ ಎರಡು ಇಟ್ಟಿಗೆ ತೆಗೆದು ಬಡಿದ. ಠಣ್ ಎಂದಿತು. ಮತ್ತೆರಡು ಬಡಿದ. ಅವೂ ಠಣ್. ಓವರ್ಸಿಯರ್ ತಾವೂ ಬಡಿದು ನೋಡಿ, ಉಗುರಿನಿಂದ ಗೀರಿ ನೋಡಿ, ಆಮೇಲೆ ಜೋರಾಗಿ ನಕ್ಕುಬಿಟ್ಟರು.

"ಯಜಮಾನ್ರೇ, ಹಾಫ್-ಬೇಕ್ಡ್ ಅಂದ್ರೆ ಸರಿಯಾಗಿ ಬೆಂದಿಲ್ಲ ಅಂತ. ಅರೆಬೆಂದದ್ದು. ಯಾರ್ರೀ ನಿಮ್ಗೆ ಈ ಇಂಗ್ಲಿಷ್ ಹೇಳ್ಕೊಟ್ಟೋರು?"

ಗಾರೆ ಕೆಲಸದವರೂ ನಗತೊಡಗಿದರು. ನಾನು ಗಾಡಿಯ ಮೇಲೆ ಕೂತಲ್ಲೇ ಕುಗ್ಗಿಹೋದೆ. ಈಗ ಅಪ್ಪ ತಿರುಗಿ ನನ್ನನ್ನು ನೋಡುತ್ತಾನೆ, ಇವಳೇ ಎನ್ನುತ್ತಾನೆ ಎಂದು ಕಾದೆ. ಅಪ್ಪ ತಿರುಗಲಿಲ್ಲ.

"ಎಲ್ಲೋ ಕಿವಿಗ್ ಬಿದ್ದಿತ್ತು ಸ್ವಾಮಿ," ಎಂದ. "ನಾನೇ ತಪ್ಪಾಗ್ ತಿಳ್ಕೊಂಡೆ."

ಇಟ್ಟಿಗೆ ಇಳಿಸಿದೆವು. ಚೀಟಿ ಓದಿ ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಬರುವಾಗ ಮಾರೇನಹಳ್ಳಿ ದಾಟುವವರೆಗೂ ಅಪ್ಪ ಎತ್ತುಗಳನ್ನಷ್ಟೇ ಹೊಡೆಯುತ್ತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ಜನರ ಮುಂದೆ ತಾನು ಪೆದ್ದನಾಗಿ ನನ್ನನ್ನು ಉಳಿಸಿದ ಅಪ್ಪನ ಬೆನ್ನು ನೋಡುತ್ತಾ ನಾನು ಅಳುತ್ತಲೇ ಇದ್ದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನ್ನದು ಹಾಗಾಯಿತು.

ಗಾಡಿ ಮನೆಯ ಕಡೆ ತಿರುಗಲಿಲ್ಲ, ಕೆರೆಯ ಕಡೆ ತಿರುಗಿತು. ಅಲ್ಲಿ ಬಿಚ್ಚಿದ ಹಳೇ ಗೂಡು ಅರ್ಧ ನಿಂತಿತ್ತು, ಪಕ್ಕದಲ್ಲಿ ಹೊಸ ಗೂಡಿಗೆ ಹಸಿ ಇಟ್ಟಿಗೆ ಒಣಗುತ್ತಿತ್ತು. ಅಪ್ಪ ಎತ್ತು ಬಿಚ್ಚಿ ಬಂದು ಕೂತ.

"ಸುಳ್ಳ್ ಯಾಕವ್ವ ಹೇಳ್ದೆ?"

"ಇಸ್ಕೂಲ್ ಬಿಡಿಸ್ಬುಡ್ತೀಯ ಅಂತ."

"ತಪ್ಪಾಯ್ತು ಅನ್ನು."

"ತಪ್ಪಾಯ್ತು."

ಅಷ್ಟೇ. ಆ ವಿಷಯ ಅಲ್ಲಿಗೆ ಮುಗಿಯಿತು. ಅಪ್ಪ ಸಾಯುವವರೆಗೂ ಅದನ್ನು ಮತ್ತೆ ಎತ್ತಲಿಲ್ಲ. ಆಮೇಲೆ ಅವನು ಹಳೇ ಗೂಡಿನ ಹೊರಮೈಯಿಂದ ಒಂದು ಇಟ್ಟಿಗೆ ಕಿತ್ತು ನನ್ನ ತೊಡೆಯ ಮೇಲಿಟ್ಟ. ಬಣ್ಣ ಮಾಸಲು, ಉಗುರು ತಾಗಿದರೆ ಪುಡಿ ಉದುರುತ್ತದೆ.

ನಮ್ಮ ಗೂಡಿನ ಬಗ್ಗೆ ಒಂದು ಮಾತು ಹೇಳಬೇಕು. ಹಸಿ ಇಟ್ಟಿಗೆಯನ್ನು ಸಾಲು ಸಾಲಾಗಿ ಪೇರಿಸಿ, ಕೆಳಗೆ ಸೌದೆ ಉರಿಸಲು ಬಾಯಿ ಬಿಟ್ಟು, ಹೊರಗೆಲ್ಲ ಕೆಸರು ಮೆತ್ತಿ ಬೆಂಕಿ ಹಾಕುತ್ತಾರೆ. ಎಷ್ಟೇ ಚೆನ್ನಾಗಿ ಉರಿಸಿದರೂ ಹೊರಗಿನ ಸಾಲು, ಅಂಚಿನದು, ಪೂರ್ತಿ ಬೇಯುವುದಿಲ್ಲ. ಬೆಂಕಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಗಾಳಿಗೆ ಆರಿರುತ್ತದೆ. ಆ ಇಟ್ಟಿಗೆಗಳನ್ನು ಯಾರೂ ಮಾರುವುದಿಲ್ಲ, ಬಿಸಾಕುವುದೂ ಇಲ್ಲ. ತೆಗೆದಿಟ್ಟು, ಮುಂದಿನ ಗೂಡಿನಲ್ಲಿ ನಟ್ಟನಡುವೆ, ಬೆಂಕಿಯ ಬಾಯಿಗೆ ಹತ್ತಿರವಾಗಿ ಜೋಡಿಸುತ್ತಾರೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇ ಇದು. ಆದ್ದರಿಂದಲೇ ಅದರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

"ಇದು ಬೇಯ್ದೇ ಇದ್ದಿದ್ದು ಯಾರ್ ತಪ್ಪು?" ಅಪ್ಪ ಕೇಳಿದ.

"ಯಾರ್ದೂ ಅಲ್ಲ. ಅಂಚಲ್ಲಿತ್ತು."

"ನೀನು ಇಸ್ಕೂಲಲ್ಲಿ ಎಲ್ ಕೂರ್ತೀಯ?"

ಅಪ್ಪ ಹಾಗೆ ಕೇಳಿದಾಗ ನನ್ನ ಅಳು ನಿಂತುಹೋಯಿತು. "ಹಿಂದ್ಗಡೆ. ಬಾಗಿಲ್ ಹತ್ರ," ಎಂದೆ.

"ಮೇಷ್ಟ್ರು ನಿನ್ನ ಏನಾದ್ರೂ ಕೇಳ್ತಾರಾ?"

"ಇಲ್ಲ."

ಅಪ್ಪ ತಲೆಯಾಡಿಸಿ ಎದ್ದು ಎತ್ತಿಗೆ ನೀರು ಕುಡಿಸಲು ಹೋದ. ನಾನು ಒಬ್ಬಳೇ ಕೂತಿದ್ದೆ. ಮೇಷ್ಟ್ರ ಮೇಲೆ, ನನ್ನ ಮೇಲೆ, ಇಡೀ ಇಂಗ್ಲಿಷಿನ ಮೇಲೆ ಸಿಟ್ಟು ಬಂತು. ಗಾಡಿಯಲ್ಲಿ ಬಿದ್ದಿದ್ದ ಒಂದು ಮೊಳೆ ತೆಗೆದುಕೊಂಡು, ತೊಡೆಯ ಮೇಲಿದ್ದ ಆ ಇಟ್ಟಿಗೆಯ ಮೇಲೆ, ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ, ಆಳವಾಗಿ, ನಡುವಿನ ಗೆರೆಯನ್ನೂ ಬಿಡದೆ ಗೀಚಿದೆ: ಹಾಫ್-ಬೇಕ್ಡ್. ಅರೆಬೆಂದ ಇಟ್ಟಿಗೆ, ಸಲೀಸಾಗಿ ಗೀರಿಸಿಕೊಂಡಿತು. ಗೀಚಿ ಉಳಿದ ಅಂಚಿನ ಇಟ್ಟಿಗೆಗಳ ರಾಶಿಗೆ ಎಸೆದೆ.

ಸೋಮವಾರ ಅಪ್ಪ ಶಾಲೆಗೆ ಬಂದ. ತಲೆಗೆ ಒಗೆದ ರುಮಾಲು, ಹೆಗಲಿಗೆ ಒಂದು ಗೋಣಿಚೀಲ. ನಾನು ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ಎಲ್ಲವೂ ಕಂಡಿತು, ಎಲ್ಲವೂ ಕೇಳಿಸಿತು. ಹಿಂದಿನ ಬೆಂಚಿನಿಂದ ನನಗಾದ ಉಪಕಾರ ಅದೊಂದೇ. ಮೇಷ್ಟ್ರು ವರಾಂಡಕ್ಕೆ ಬಂದರು. ಅಪ್ಪ ಚೀಲದಿಂದ ಎರಡು ಇಟ್ಟಿಗೆ ತೆಗೆದ.

"ಇದು ನಡುವಿಂದು," ಎಂದು ಒಂದನ್ನು ಬೆರಳ ಗೆಣ್ಣಿನಿಂದ ಬಡಿದ. ಠಣ್ ಎಂದಿತು. "ಇದು ಅಂಚಿಂದು." ದಪ್ಪ್ ಎಂದಿತು. "ಮಣ್ಣು ಒಂದೇ ಸ್ವಾಮಿ. ತುಳ್ದಿದ್ ಕಾಲೂ ಒಂದೇ. ಅಚ್ಚೂ ಒಂದೇ."

ಮೇಷ್ಟ್ರಿಗೆ ರೇಗಿತು. "ಯಜಮಾನ್ರೇ, ಪಾಠದ ಹೊತ್ತು ಇದು. ಇಟ್ಟಿಗೆ ತಗೊಂಡು ನಾನೇನ್ ಮಾಡ್ಲಿ?"

"ನನ್ ಮಗಳು ಅರೆ ಬೆಂದವ್ಳೆ ಅಂತ ಬರ್ದಿದ್ರಿ. ನಿಜಾನೇ. ಅಂಚಲ್ ಕೂರ್ಸಿದ್ರೆ ಯಾವ್ದೂ ಬೇಯಾಕಿಲ್ಲ. ಅವ್ಳನ್ನ ಬೆಂಕಿ ಹತ್ರ ಕೂರ್ಸಿ ಸ್ವಾಮಿ. ಆಮೇಲೂ ಬೇಯ್ದಿದ್ರೆ ನಾನೇ ಬಂದು ಕರ್ಕೊಂಡ್ ಹೋಯ್ತೀನಿ."

ಕೈಮುಗಿದು, ಇಟ್ಟಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಅಪ್ಪ ಹೊರಟುಹೋದ. ಮೇಷ್ಟ್ರು ಒಳಗೆ ಬಂದು, ಏನೂ ನಡೆದೇ ಇಲ್ಲ ಎಂಬಂತೆ ಚಾಕ್‌ಪೀಸು ಎತ್ತಿಕೊಂಡು, ಮುಂದಿನ ಬೆಂಚಿನ ಹುಡುಗರಿಗೆ ಹೇಳಿದರು.

"ಏಳ್ರಪ್ಪ, ಹಿಂದಕ್ಕೆ ಹೋಗಿ. ಹೆಣ್ಣುಮಕ್ಕಳು ಮುಂದೆ ಬರ್ಲಿ."

ಬೆಂಕಿಯ ಹತ್ತಿರ ಕೂರುವುದು ಸುಖವೆಂದು ಯಾರೂ ತಿಳಿಯಬೇಡಿ. ಮೂರು ವರ್ಷ ಕೇಳದ ಪ್ರಶ್ನೆಗಳನ್ನೆಲ್ಲ ಮೇಷ್ಟ್ರು ಮೂರು ವಾರದಲ್ಲಿ ಕೇಳಿದರು. ತಪ್ಪಿದರೆ ಮತ್ತೆ ಹೇಳು ಎನ್ನುತ್ತಿದ್ದರು. ಮತ್ತೆ ತಪ್ಪಿದರೆ ನಿಂತೇ ಇರು ಎನ್ನುತ್ತಿದ್ದರು. ಹಿಂದಿನಿಂದ ಹುಡುಗರು ಕಿಸಿಕಿಸಿ ನಗುತ್ತಿದ್ದರು. ಮೊದಲ ವಾರ ದಿನಾ ಅತ್ತೆ. ಎರಡನೇ ವಾರ ಅಳಲು ಬಿಡುವಿರಲಿಲ್ಲ. ಒಂದು ಮಧ್ಯಾಹ್ನ ನನಗೇ ಗೊತ್ತಿಲ್ಲದೆ ಕೈ ಮೇಲೆ ಹೋಯಿತು. ಆ ಶಾಲೆಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಸಾರ್, ನೀವು ನನ್ ಪೇಪರ್ ಮೇಲೆ ಬರ್ದ ಮಾತು ಎಲ್ಲಿಂದ ಬಂತು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹೇಳಿದರು. ಅದು ಬ್ರೆಡ್ಡಿನ ಒಲೆಯಿಂದ ಬಂದ ಮಾತಂತೆ. ನಮಗೆ ಮುದ್ದೆಯಿದ್ದ ಹಾಗೆ ಆ ದೇಶದವರಿಗೆ ಬ್ರೆಡ್ಡು. ಅವಸರ ಮಾಡಿ ಒಲೆಯಿಂದ ತೆಗೆದರೆ ಮೇಲೆ ಕೆಂಪಗೆ ಬೆಂದಿರುತ್ತದೆ, ಕೊಯ್ದರೆ ಒಳಗೆ ಹಸಿ ಹಿಟ್ಟು. ನೂರಾರು ವರ್ಷಗಳ ಹಿಂದೆಯೇ ಜನ ಆ ಮಾತನ್ನು ಬ್ರೆಡ್ಡಿನಿಂದ ತೆಗೆದು ಮನುಷ್ಯರ ಮೇಲೆ ಹಾಕಿದರಂತೆ: ಹೊರಗೆ ಎಲ್ಲ ತಿಳಿದವರ ಹಾಗೆ, ಒಳಗೆ ಏನೂ ಇಲ್ಲದವರಿಗೆ.

"ನಮ್ ಗೂಡಲ್ಲಿ ತಿರುಗಾಮುರುಗಾ ಸಾರ್," ಎಂದೆ. ಹೇಗೆ ಧೈರ್ಯ ಬಂತೋ ತಿಳಿಯದು. "ಒಳಗಿಂದು ಬೇಯುತ್ತೆ. ಹೊರಗಿಂದೇ ಹಸಿ ಉಳ್ಯೋದು."

ಮೇಷ್ಟ್ರು ನನ್ನನ್ನೇ ನೋಡಿದರು. "ಹೌದು," ಎಂದರು. "ನಾನು ಅದನ್ನ ಯೋಚನೆ ಮಾಡಿರಲಿಲ್ಲ." ದೊಡ್ಡವರೊಬ್ಬರು ಮಕ್ಕಳ ಮುಂದೆ ಹಾಗೆ ಹೇಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟು ಅವತ್ತೇ ಹೋಯಿತು.

ಮನೆಗೆ ಬಂದು ಬ್ರೆಡ್ಡಿನ ಕಥೆ ಹೇಳಿದೆ. ನಮ್ಮ ಮನೆಯಲ್ಲಿ ಬ್ರೆಡ್ಡು ಬರುತ್ತಿದ್ದದ್ದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಅವ್ವ ಮುದ್ದೆ ಕಟ್ಟುತ್ತಾ, "ಅದ್ರಲ್ಲೇನ್ ಹೆಚ್ಗಾರಿಕೆ? ಬೇಯ್ದಿರೋ ಮುದ್ದೇನೂ ಹಂಗೇ. ಮೇಲ್ ನುಣ್ಣಗಿರ್ತದೆ, ಮುರುದ್ರೆ ಒಳಗ್ ಹಿಟ್ಟು," ಎಂದಳು. ಆಮೇಲೆ, ನನ್ನ ಕಡೆ ನೋಡದೆ, "ಇವತ್ತು ಏನೇನ್ ಕೇಳಿದ್ರು ಮೇಷ್ಟ್ರು?" ಎಂದಳು. ಅವ್ವ ನನ್ನ ಪಾಠದ ಬಗ್ಗೆ ಕೇಳಿದ್ದು ಅದೇ ಮೊದಲು.

ಆ ಮೂರು ವಾರ ಗೂಡಿನ ಕೆಲಸವೂ ನಡೆದಿತ್ತು. ಜೋಡಿಸಿ, ಮೆತ್ತಿ, ಬೆಂಕಿ ಹಾಕಿ, ಆಮೇಲೆ ಬಾಯಿ ಮುಚ್ಚಿ ಆರಲು ಬಿಟ್ಟಿದ್ದರು. ನಾನು ದಿನಾ ಶಾಲೆಗೆ ಹೋಗುವಾಗ ಅದರ ಮೈ ಮುಟ್ಟಿ ನೋಡಿ ಹೋಗುತ್ತಿದ್ದೆ. ಪರೀಕ್ಷೆ ಶುಕ್ರವಾರ ಆಯಿತು. ಶನಿವಾರ ಅರ್ಧ ದಿನದ ಶಾಲೆ. ಕೊನೆಯ ಗಂಟೆಗೆ ಮೇಷ್ಟ್ರು ಕಾಗದ ಕೊಟ್ಟರು. ಈ ಸಲ ನೆತ್ತಿಯ ಮೇಲೆ ಯಾವ ಮಾತೂ ಇರಲಿಲ್ಲ, ಅಂಕ ಮಾತ್ರ ಇತ್ತು. ಗೆಲ್ಲಲು ಬೇಕಾದ್ದಕ್ಕಿಂತ ನಾಲ್ಕು ಹೆಚ್ಚು.

"ನಿನ್ನ ಹೆಸರು ಕಳಿಸ್ತಾ ಇದೀನಿ," ಎಂದರು. "ನಿಮ್ಮಪ್ಪಂಗೆ ಹೇಳು."

ಮಾಗಡಿ ರಸ್ತೆಯಿಂದ ಮೂಡಲಪಾಳ್ಯಕ್ಕೆ ನಾನು ನಡೆಯಲಿಲ್ಲ, ಓಡಿದೆ. ಕೆರೆಯ ಹತ್ತಿರ ಗೂಡು ಬಿಚ್ಚುತ್ತಿದ್ದರು. ಅಪ್ಪ ಮೇಲೆ ನಿಂತು ಇಟ್ಟಿಗೆ ಇಳಿಸುತ್ತಿದ್ದ, ಅವ್ವ ಕೆಳಗೆ ಹಿಡಿದು ಪೇರಿಸುತ್ತಿದ್ದಳು. ಏದುಸಿರಿನಲ್ಲೇ ಹೇಳಿದೆ. ಅವ್ವ ಕೈಯಲ್ಲಿದ್ದ ಇಟ್ಟಿಗೆ ಕೆಳಗಿಟ್ಟು, ಧೂಳಿನ ಕೈಯಲ್ಲೇ ನನ್ನ ಮುಖ ನೇವರಿಸಿ ಬೆರಳು ನೆಟಿಗೆ ಮುರಿದಳು. ಅಪ್ಪ "ಹೌದಾ" ಎಂದ, ಅಷ್ಟೇ. ಎಂದು ಬಗ್ಗಿ ಮತ್ತೆ ಇಟ್ಟಿಗೆ ತೆಗೆಯತೊಡಗಿದ. ಒಂದೇ ಇಟ್ಟಿಗೆಯನ್ನು ಎತ್ತಿ ಅಲ್ಲೇ ಇಟ್ಟು, ಮತ್ತೆ ಅದನ್ನೇ ಎತ್ತಿದ.

ಸ್ವಲ್ಪ ಹೊತ್ತಿಗೆ ಗೂಡಿನ ನಡು ಬಂತು. ಅಪ್ಪ ಒಂದನ್ನು ಕೈಯಲ್ಲಿ ಹಿಡಿದು ನಿಂತ. ಅದರ ಮೈ ಮೇಲೆ ಅಕ್ಷರಗಳಿದ್ದವು.

"ಇದ್ಯಾರು ಗೀಚ್ದೋರು?"

"ನಾನೇ."

"ಏನಂತ ಬರ್ದಿದ್ದೀಯ?"

ಈ ಸಲ ನಾನು ತಡ ಮಾಡಲಿಲ್ಲ. "ಹಾಫ್-ಬೇಕ್ಡ್ ಅಂತ. ಅರೆ ಬೆಂದದ್ದು ಅಂತ."

ಅಪ್ಪ ಇನ್ನೊಂದು ಇಟ್ಟಿಗೆಗೆ ಅದನ್ನು ಬಡಿದ. ಕೆರೆಯ ಆಚೆ ದಡಕ್ಕೂ ಕೇಳಿಸುವಂತೆ ಠಣ್ ಎಂದಿತು. ಉಗುರಿನಿಂದ ಗೀರಿದ, ಗೆರೆ ಬೀಳಲಿಲ್ಲ. ನಾನು ಗೀಚಿದ ಅಕ್ಷರ ಮಾತ್ರ ಹಾಗೇ ಗಟ್ಟಿಯಾಗಿ ನಿಂತಿತ್ತು.

"ಹಂಗಾದ್ರೆ ಈ ಇಟ್ಟಿಗೆ ಸುಳ್ಳ್ ಹೇಳ್ತಾ ಐತೆ ಕಣವ್ವ," ಎಂದು ಅಪ್ಪ ನಕ್ಕ. ಆಮೇಲೆ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಬೂದಿ ಬಿತ್ತು ಎಂದ.

ಅದನ್ನು ಮನೆಗೆ ತೆಗೆದುಕೊಂಡು ಹೋಗೋಣ ಎಂದೆ. ಅಪ್ಪ ಒಪ್ಪಲಿಲ್ಲ. ಬೆಂದ ಇಟ್ಟಿಗೆ ಗೋಡೆಗೆ ಹೋಗಬೇಕು ಎಂದ. ಸೋಮವಾರ ಅದು ಗಾಡಿ ಹತ್ತಿ ಎಲ್ಲದರ ಜೊತೆ ರಾಜಾಜಿನಗರಕ್ಕೆ ಹೋಯಿತು. ಯಾವ ಬ್ಲಾಕು, ಯಾವ ಮನೆ, ಗೊತ್ತಿಲ್ಲ. ಈಗಲೂ ಅಲ್ಲಿ ಯಾರದೋ ಗೋಡೆಯೊಳಗೆ, ಗಾರೆಯ ಹಿಂದೆ, ಅರೆಬೆಂದದ್ದು ಎಂದು ಬರೆದ ಇಟ್ಟಿಗೆಯೊಂದು ಮನೆಯ ಭಾರ ಹೊತ್ತು ನಿಂತಿದೆ.